ಅರವತ್ತು ದಾಟಿದ ಆಫೆನ್ಸಿವ್ ಕೋಆರ್ಡಿನೇಟರ್ ತಂಡಕ್ಕೆ ಬೇಕೇ? ನಾರ್ವ್ ಟರ್ನರ್ ನೇಮಕದ ಕುರಿತು ಒಂದು ಚರ್ಚೆ

ಚಾರ್ಲಟ್ ನಿವಾಸಿ

ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಪ್ರತಿ ಜನವರಿಯಲ್ಲಿ ತರಬೇತುದಾರರನ್ನು ಬದಲಾಯಿಸುವಾಗ ಒಂದು ವಾದ ತಪ್ಪದೆ ಏಳುತ್ತದೆ. ತಂಡದ ದಾಳಿಯನ್ನು ರೂಪಿಸುವ ಆಫೆನ್ಸಿವ್ ಕೋಆರ್ಡಿನೇಟರ್ ಹುದ್ದೆಗೆ ಅರವತ್ತು ದಾಟಿದ ಅನುಭವಿಯನ್ನು ತರಬೇಕೋ, ಮೂವತ್ತರ ಆಸುಪಾಸಿನ ಹೊಸಬನನ್ನೋ? ಬರಿಯ ಸಿದ್ಧಾಂತ ಹೇಳುವುದಕ್ಕಿಂತ ನಮ್ಮೂರಿನ ಕ್ಯಾರೊಲೈನಾ ಪ್ಯಾಂಥರ್ಸ್ ತಂಡದ ಕಥೆಯನ್ನೇ ನೋಡೋಣ, ಏಕೆಂದರೆ ಈ ತಂಡ ಎರಡೇ ವರ್ಷಗಳ ಅಂತರದಲ್ಲಿ ಎರಡೂ ದಾರಿಗಳನ್ನು ತುಳಿದಿದೆ.

2017ರ ಋತುವಿನಲ್ಲಿ 11 ಪಂದ್ಯ ಗೆದ್ದು 5 ಸೋತಿದ್ದ ತಂಡ ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಎದುರು 31-26ರಿಂದ ಸೋತಿತು. ಅದಾದ ಕೆಲವೇ ದಿನಗಳಲ್ಲಿ ಮುಖ್ಯ ತರಬೇತುದಾರ ರಾನ್ ರಿವೇರಾ ಅವರು ಆ ಹುದ್ದೆಯಲ್ಲಿದ್ದ ಮೈಕ್ ಶೂಲಾ ಅವರನ್ನು ಕೈಬಿಟ್ಟು, ಆಗ 65 ವರ್ಷದವರಾಗಿದ್ದ ನಾರ್ವ್ ಟರ್ನರ್ ಅವರನ್ನು ನೇಮಿಸಿಕೊಂಡರು. 1991ರಲ್ಲಿ ಡಲ್ಲಾಸ್ ಕೌಬಾಯ್ಸ್ ಸೇರಿ, 1992 ಮತ್ತು 1993ರ ಋತುಗಳಲ್ಲಿ ಸತತ ಎರಡು ಸೂಪರ್ ಬೌಲ್ (ಲೀಗಿನ ಅಂತಿಮ ಪಂದ್ಯ) ಗೆದ್ದ ತಂಡದ ದಾಳಿಯನ್ನು ರೂಪಿಸಿದವರು ಇವರೇ. ಅಂದಿನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ದಾಳಿ ನಡೆಸುವ ಆಟಗಾರ, ಟ್ರಾಯ್ ಐಕ್‌ಮನ್ 2006ರಲ್ಲಿ ಹಾಲ್ ಆಫ್ ಫೇಮ್ ಸೇರುವಾಗ ತಮ್ಮನ್ನು ವೇದಿಕೆಗೆ ಪರಿಚಯಿಸಲು ಆರಿಸಿಕೊಂಡದ್ದೂ ಟರ್ನರ್ ಅವರನ್ನೇ.

ಫಲವೂ ಕಾಣಿಸಿತು. 2017ರಲ್ಲಿ ಪ್ಯಾಂಥರ್ಸ್‌ನ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ನ್ಯೂಟನ್ ಅವರ ಪಾಸ್‌ಗಳಲ್ಲಿ ಶೇಕಡಾ 59.1ರಷ್ಟು ಗುರಿ ಸೇರಿದ್ದರೆ, 2018ರಲ್ಲಿ ಅದು 67.9ಕ್ಕೆ ಏರಿತು, ಅಲ್ಲಿಯವರೆಗಿನ ಅವರ ವೃತ್ತಿಜೀವನದಲ್ಲಿ ಅಷ್ಟು ಎತ್ತರವನ್ನು ಅವರು ಎಂದೂ ಮುಟ್ಟಿರಲಿಲ್ಲ. ಆದ್ದರಿಂದ ಅದು ಸರಿಯಾದ ನೇಮಕವೆಂದೇ ನನ್ನ ಅಭಿಪ್ರಾಯ. ಉಳಿದವರು ಏನು ಹೇಳುತ್ತೀರಿ?

ಮೈಸೂರಿನ ಮುಂಜಾವು

ನಿವಾಸಿಗಳೇ, ಅನುಕೂಲವಾದ ಅಂಕಿಗಳನ್ನಷ್ಟೇ ಮುಂದಿಟ್ಟಿದ್ದೀರಿ. 2018ರಲ್ಲಿ ಮೊದಲ ಎಂಟರಲ್ಲಿ ಆರು ಗೆದ್ದ ಅದೇ ತಂಡ, ಆಮೇಲೆ ಸತತವಾಗಿ ಏಳು ಪಂದ್ಯ ಸೋತು 7-9ರಲ್ಲಿ ಮುಗಿಸಿತಲ್ಲ, ಅದನ್ನು ಯಾರ ಖಾತೆಗೆ ಬರೆಯೋಣ? ಆ ಕುಸಿತ ಶುರುವಾದದ್ದು ನವೆಂಬರ್ 8ರ ಗುರುವಾರ ರಾತ್ರಿ ಪಿಟ್ಸ್‌ಬರ್ಗ್‌ನಲ್ಲಿ. ನಮಗಿಲ್ಲಿ ಶುಕ್ರವಾರ ಬೆಳಿಗ್ಗೆ ಏಳರ ಹೊತ್ತು. ನ್ಯೂಟನ್ ತಮ್ಮದೇ ಗೋಲ್ ಲೈನ್‌ಗೆ ಬೆನ್ನು ಹಚ್ಚಿ ನಿಂತು ಪಾಸ್ ಎಸೆಯಲು ಕಾಯುತ್ತಿದ್ದಾಗ ಎದುರಾಳಿ ತಂಡದ ಟಿ.ಜೆ. ವಾಟ್ ಮೈಮೇಲೆ ಬಿದ್ದರು. ಗಡಿಬಿಡಿಯಲ್ಲಿ ಎಸೆದ ಚೆಂಡು ಅದೇ ಎದುರಾಳಿ ತಂಡದ ವಿನ್ಸ್ ವಿಲಿಯಮ್ಸ್ ಕೈಗೆ ಸಿಕ್ಕಿ, ಗೋಲ್ ಲೈನ್ ದಾಟಿ ನೇರವಾಗಿ ಟಚ್‌ಡೌನ್ ಆಯಿತು. ಅಂತಹ ಜಾಗದಲ್ಲಿ, ಅಂತಹ ಎದುರಾಳಿಯ ಮುಂದೆ, ಚೆಂಡನ್ನು ಅಷ್ಟು ಹೊತ್ತು ಕೈಯಲ್ಲಿ ಇಟ್ಟುಕೊಳ್ಳುವ ಪ್ಲೇಯನ್ನು (ಆ ನಡೆಯ ಯೋಜನೆಯನ್ನು) ಕೊಟ್ಟವರು ಯಾರು? ಕೊನೆಗೆ ಸ್ಕೋರು 52-21.

ಟರ್ನರ್ ಅವರ ಬಗ್ಗೆ ನನಗೆ ಅಗೌರವವಿಲ್ಲ. ಆದರೆ 2017ರಲ್ಲಿ 30ರ ಹರೆಯದ ಶಾನ್ ಮೆಕ್‌ವೇ ಲಾಸ್ ಏಂಜಲಿಸ್ ರ‍್ಯಾಮ್ಸ್‌ನ ಮುಖ್ಯ ತರಬೇತುದಾರರಾದ ಮೇಲೆ ಇಡೀ ಲೀಗಿನ ದಾಳಿಯ ಚಹರೆಯೇ ಬದಲಾಗುತ್ತಿತ್ತು. ಇತ್ತ ಟರ್ನರ್ ಅವರ ಆಟವನ್ನು ಅಭ್ಯಾಸ ಮಾಡಲು ಎದುರಾಳಿಗಳ ಬಳಿ ಕಾಲು ಶತಮಾನಕ್ಕೂ ಹೆಚ್ಚಿನ ವಿಡಿಯೊ ಇತ್ತು. ಅನುಭವಕ್ಕೆ ಈ ಇನ್ನೊಂದು ಮುಖವೂ ಇದೆ.

ನಾಲ್ಕನೇ ಡೌನ್

ಇಬ್ಬರೂ ವಯಸ್ಸನ್ನೇ ಹಿಡಿದು ಎಳೆದಾಡುತ್ತಿದ್ದೀರಿ. ಕೋಆರ್ಡಿನೇಟರ್ ತನ್ನೊಂದಿಗೆ ಯಾವ ಪದ್ಧತಿಯನ್ನು ತರುತ್ತಾನೆ, ಅದನ್ನು ಹೊರಲು ಬೇಕಾದ ಆಟಗಾರರು ತಂಡದಲ್ಲಿ ಇದ್ದಾರೆಯೇ ಎಂಬುದನ್ನು ಮೊದಲು ಕೇಳಬೇಕು.

ಟರ್ನರ್ ಅವರದ್ದು ಡಾನ್ ಕೊರಿಯೆಲ್ ಸ್ಯಾನ್ ಡಿಯಾಗೊ ಚಾರ್ಜರ್ಸ್‌ನಲ್ಲಿ ಬೆಳೆಸಿದ ಪದ್ಧತಿ. ಅದನ್ನು ಅವರು ಎರ್ನಿ ಜಂಪೀಸ್ ಅವರ ಕೈಕೆಳಗೆ ಕಲಿತರು. ಇದರಲ್ಲಿ ಪಾಸ್ ಹಿಡಿಯುವ ರಿಸೀವರ್ ಓಡಬೇಕಾದ ದಾರಿಗಳಿಗೆ ಅಂಕೆಗಳಿವೆ. ಹೆಚ್ಚುಕಡಿಮೆ ಬೆಸ ಸಂಖ್ಯೆಯಾದರೆ ಅಂಚಿನ ಗೆರೆಯತ್ತ, ಸಮ ಸಂಖ್ಯೆಯಾದರೆ ಮೈದಾನದ ನಡುಭಾಗದತ್ತ ತಿರುಗಬೇಕು, ಒಂಬತ್ತು ಎಂದರೆ ನೇರವಾಗಿ ಮುಂದಕ್ಕೆ ಓಡಬೇಕು. ಮೂರು ಅಂಕೆ ಹೇಳಿದರೆ ಮೂವರಿಗೂ ದಾರಿ ತಿಳಿಯಿತು. ಕ್ವಾರ್ಟರ್‌ಬ್ಯಾಕ್ ಐದು ಅಥವಾ ಏಳು ಹೆಜ್ಜೆ ಹಿಂದೆ ಸರಿದು, ಮೊದಲು ದೂರದವನನ್ನು, ಆಮೇಲೆ ಹತ್ತಿರದವನನ್ನು ನೋಡಿ, ರಿಸೀವರ್ ತಿರುಗುವ ಮುನ್ನವೇ ಚೆಂಡನ್ನು ಬಿಡಬೇಕು. ನೋಡಲು ಸೊಗಸಾದ ಆಟ. ಆದರೆ ಅಷ್ಟು ಹೊತ್ತು ಎದುರಾಳಿಯನ್ನು ತಡೆದು ನಿಲ್ಲಿಸುವ ಆಫೆನ್ಸಿವ್ ಲೈನ್ ಇಲ್ಲದಿದ್ದರೆ ಕ್ವಾರ್ಟರ್‌ಬ್ಯಾಕ್‌ನ ಪಕ್ಕೆಲುಬುಗಳು ಅದರ ಬೆಲೆ ತೆರುತ್ತವೆ.

ಮಿನ್ನೆಸೋಟ ವೈಕಿಂಗ್ಸ್‌ನಲ್ಲಿ 2016ರಲ್ಲಿ ಆದದ್ದು ಇದೇ. ಋತು ಆರಂಭವಾಗುವ ಮುನ್ನವೇ ಕ್ವಾರ್ಟರ್‌ಬ್ಯಾಕ್ ಟೆಡ್ಡಿ ಬ್ರಿಜ್‌ವಾಟರ್ ಮೊಣಕಾಲಿನ ಗಾಯದಿಂದ ಹೊರಬಿದ್ದರು, ಆಫೆನ್ಸಿವ್ ಲೈನ್‌ನ ಎಡ ತುದಿಯಲ್ಲಿ ನಿಲ್ಲುವ ಎಡ ಟ್ಯಾಕಲ್ ಮ್ಯಾಟ್ ಕಾಲಿಲ್ ಕೂಡ ಗಾಯಗೊಂಡರು. ಮೊದಲ ಐದೂ ಪಂದ್ಯ ಗೆದ್ದಿದ್ದ ತಂಡ ಸೋಲಲು ತೊಡಗಿದಾಗ, ನವೆಂಬರ್ ಆರಂಭದಲ್ಲಿ ಟರ್ನರ್ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದ ಪ್ಯಾಟ್ ಶರ್ಮರ್ ಸಣ್ಣ ಪಾಸ್‌ಗಳಿಗೆ ಒತ್ತು ಕೊಟ್ಟರು. ಆ ಋತುವಿನಲ್ಲಿ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಬ್ರ್ಯಾಡ್‌ಫರ್ಡ್ ಶೇಕಡಾ 71.6ರ ನಿಖರತೆಯೊಂದಿಗೆ ಅಂದಿನ ಲೀಗ್ ದಾಖಲೆಯನ್ನೇ ಬರೆದರು.

ಇದಿಷ್ಟನ್ನೇ ಓದಿದವರು ಮೈಸೂರಿನ ಗೆಳೆಯರ ಮಾತಿಗೆ ತಲೆದೂಗಬಹುದು. ಆದರೆ ಕ್ಯಾರೊಲೈನಾಕ್ಕೆ ಬಂದ ಟರ್ನರ್ ಅದೇ ಟರ್ನರ್ ಆಗಿರಲಿಲ್ಲ. 2018ರಲ್ಲಿ ಮುಖ್ಯವಾಗಿ ಚೆಂಡು ಹೊತ್ತು ಓಡುವ ರನ್ನಿಂಗ್ ಬ್ಯಾಕ್ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ 107 ಪಾಸ್ ಹಿಡಿದರು. ಆ ಸ್ಥಾನದ ಆಟಗಾರನೊಬ್ಬ ಒಂದು ಋತುವಿನಲ್ಲಿ ಅಷ್ಟು ಹಿಡಿದದ್ದು ಅಲ್ಲಿಯವರೆಗೆ ಇರಲಿಲ್ಲ. ಬದಲಾಗಲು ಒಲ್ಲದ ಮುದುಕ ಹೀಗೆ ಆಡಿಸುತ್ತಾನೆಯೇ? ಇನ್ನೊಂದು ಸಂಗತಿಯಿದೆ. 2018ರಲ್ಲಿ ಕ್ಯಾರೊಲೈನಾದ ಎಡ ಟ್ಯಾಕಲ್ ಆಗಿ ಆಡಬೇಕಿದ್ದವರು ಅದೇ ಮ್ಯಾಟ್ ಕಾಲಿಲ್. ಅವರು ಆ ವರ್ಷ ಒಂದೂ ಪಂದ್ಯ ಆಡಲಿಲ್ಲ. ಬಲ ಟ್ಯಾಕಲ್ ಡ್ಯಾರಿಲ್ ವಿಲಿಯಮ್ಸ್ ಮೊದಲ ಪಂದ್ಯದಲ್ಲೇ ಮೊಣಕಾಲು ಕೆಡಿಸಿಕೊಂಡರು. ಎರಡು ಊರುಗಳಲ್ಲಿ ಒಂದೇ ಬಗೆಯ ದುರದೃಷ್ಟ ಎದುರಾದಾಗ, ಎರಡನೆಯ ಸಲ ಅವರು ಬೇರೆಯದೇ ಉತ್ತರ ಕೊಟ್ಟರು.

ಮೈಸೂರಿನ ಮುಂಜಾವು

ಪದ್ಧತಿಯ ವಿವರಣೆ ಚೆನ್ನಾಗಿದೆ. ಆದರೆ ಶೂಲಾ ಅವರ ಕೈಕೆಳಗೆ, ಆಡಿದ ಮೊದಲ ವರ್ಷವೇ, ಮೆಕ್‌ಕ್ಯಾಫ್ರಿ 80 ಪಾಸ್ ಹಿಡಿದಿದ್ದರು. 80ರಿಂದ 107ಕ್ಕೆ ಹೋದದ್ದನ್ನು ಟರ್ನರ್ ಅವರ ಪುನರ್ಜನ್ಮವೆಂದು ಕರೆಯುವುದು ಅತಿಯಾಯಿತು. ಅಲ್ಲದೆ 2015ರಲ್ಲಿ 15 ಗೆದ್ದು ಒಂದೇ ಒಂದು ಸೋತು, ಲೀಗಿನಲ್ಲೇ ಅತಿ ಹೆಚ್ಚು, ಅಂದರೆ 500 ಅಂಕ ಗಳಿಸಿದ ಪ್ಯಾಂಥರ್ಸ್‌ನ ಕೋಆರ್ಡಿನೇಟರ್ ಆ ಶೂಲಾ ಅವರೇ. ಅವರನ್ನು ಕಳುಹಿಸಿ ಇವರನ್ನು ತಂದದ್ದರಿಂದ ತಂಡ 11-5ರಿಂದ 7-9ಕ್ಕೆ ಇಳಿಯಿತು ಎನ್ನುವುದೂ ಅಂಕಿಯೇ.

ಚಾರ್ಲಟ್ ನಿವಾಸಿ

ಇಳಿಯಿತು, ಆದರೆ ಯಾವುದರಿಂದ? ನ್ಯೂಟನ್ ಅವರ ಬಲ ಭುಜಕ್ಕೆ 2017ರ ಮಾರ್ಚ್‌ನಲ್ಲೇ ಶಸ್ತ್ರಚಿಕಿತ್ಸೆಯಾಗಿತ್ತು. 2018ರ ಅಕ್ಟೋಬರ್‌ನಲ್ಲಿ ಬಾಲ್ಟಿಮೋರ್ ವಿರುದ್ಧ ಅರ್ಧವಿರಾಮಕ್ಕೆ ಮುನ್ನ ಚೆಂಡನ್ನು ಬಹುದೂರ ಎಸೆಯಬೇಕಾದಾಗ ಅವರನ್ನು ಹೊರಗೆ ಕರೆಸಿ ಟೇಲರ್ ಹೈನಿಕಿ ಅವರನ್ನು ಕಳುಹಿಸಿದ್ದು ನೆನಪಿದೆಯೇ? ಆಗ ತಂಡ ಗೆಲ್ಲುತ್ತಿತ್ತು, ಹಾಗಾಗಿ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಡಿಸೆಂಬರ್ ಹೊತ್ತಿಗೆ ಭುಜ ಪೂರ್ತಿ ಕೈಕೊಟ್ಟಿತು. ಕೊನೆಯ ಎರಡು ಪಂದ್ಯಗಳಲ್ಲಿ ಅವರನ್ನು ಆಡಿಸಲಿಲ್ಲ, ಜನವರಿಯಲ್ಲಿ ಮತ್ತೆ ಶಸ್ತ್ರಚಿಕಿತ್ಸೆಯಾಯಿತು.

ಡಿಸೆಂಬರ್ 17ರಂದು ಸೇಂಟ್ಸ್ ವಿರುದ್ಧದ ಪಂದ್ಯವನ್ನು ಇನ್ನೊಮ್ಮೆ ನೋಡಿ. ಕ್ವಾರ್ಟರ್‌ಬ್ಯಾಕ್‌ನ ತೋಳಿನಲ್ಲಿ ಕಸುವಿಲ್ಲವೆಂದು ಇಡೀ ಕ್ರೀಡಾಂಗಣಕ್ಕೆ ಗೊತ್ತಿತ್ತು. ನಾಲ್ಕನೇ ಡೌನ್‌ನಲ್ಲಿ, ಅಂದರೆ ಕೊನೆಯ ಅವಕಾಶದಲ್ಲಿ, ಚೆಂಡು ಮೆಕ್‌ಕ್ಯಾಫ್ರಿ ಕೈಗೆ ಹೋಯಿತು. ಎದುರಾಳಿಗಳೆಲ್ಲ ಅವರತ್ತ ನುಗ್ಗಿದರು. ಅವರು ಓಡುವ ಬದಲು ನಿಂತು ಚೆಂಡನ್ನು ಎಸೆದರು. ಒಬ್ಬರೂ ಕಾವಲಿಗಿಲ್ಲದ ಟೈಟ್ ಎಂಡ್ ಕ್ರಿಸ್ ಮ್ಯಾನ್‌ಹರ್ಟ್ಸ್ ಅದನ್ನು ಹಿಡಿದು 50 ಗಜದ ಟಚ್‌ಡೌನ್ ಗಳಿಸಿದರು. 12-9ರಿಂದ ಸೋತ ಆ ಪಂದ್ಯದಲ್ಲಿ ನಮ್ಮವರ ಏಕೈಕ ಟಚ್‌ಡೌನ್ ಅದು. ಆ ಪ್ಲೇಯನ್ನು ಚೀಲದಿಂದ ತೆಗೆದ ಕೋಆರ್ಡಿನೇಟರ್‌ಗೆ ಆಗ ವಯಸ್ಸು 66.

ಫ್ರೀಮಾಂಟ್‌ನ ನೈನರ್ಸ್ ಅಭಿಮಾನಿ

ಯಾರೂ ಎತ್ತದ ಒಂದು ವಿಷಯವಿದೆ. ಒಳ್ಳೆಯ ಯುವ ಕೋಆರ್ಡಿನೇಟರ್ ನಿಮ್ಮ ಬಳಿ ಉಳಿಯುವುದೇ ಇಲ್ಲ. 2016ರಲ್ಲಿ ಕೈಲ್ ಶಾನಹನ್ ಅವರ ಮಾರ್ಗದರ್ಶನದಲ್ಲಿ ಅಟ್ಲಾಂಟಾ ಫಾಲ್ಕನ್ಸ್ 540 ಅಂಕ ಗಳಿಸಿತು. ಸೂಪರ್ ಬೌಲ್ ಮುಗಿದದ್ದೇ ತಡ, ನಮ್ಮ ಸ್ಯಾನ್ ಫ್ರಾನ್ಸಿಸ್ಕೊ ನೈನರ್ಸ್ ತಂಡ ಅವರನ್ನು ಮುಖ್ಯ ತರಬೇತುದಾರರನ್ನಾಗಿ ಹಾರಿಸಿಕೊಂಡು ಬಂತು. ಮರುವರ್ಷ ಅದೇ ಅಟ್ಲಾಂಟಾ, ಅದೇ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯಾನ್, 353 ಅಂಕ. ಮೂರು ಕಡೆ ಮುಖ್ಯ ತರಬೇತುದಾರರಾಗಿ ಮುಗಿಸಿದ ಟರ್ನರ್ ಅಂತಹವರನ್ನು ಹಾಗೆ ಕದ್ದೊಯ್ಯುವವರು ಯಾರೂ ಇರುವುದಿಲ್ಲ, ಕ್ವಾರ್ಟರ್‌ಬ್ಯಾಕ್‌ಗೆ ಪ್ರತಿವರ್ಷ ಹೊಸ ಭಾಷೆ ಕಲಿಯುವ ಕಷ್ಟ ತಪ್ಪುತ್ತದೆ.

ಆ ಕಷ್ಟವನ್ನು ನಾವು ಉಂಡವರು. 2006ರಲ್ಲಿ ಟರ್ನರ್ ನಮ್ಮ ಕೋಆರ್ಡಿನೇಟರ್ ಆಗಿದ್ದರು. ಆ ವರ್ಷ ಫ್ರ್ಯಾಂಕ್ ಗೋರ್ 1,695 ಗಜ ಓಡಿದರು, ಎರಡನೇ ವರ್ಷದ ಕ್ವಾರ್ಟರ್‌ಬ್ಯಾಕ್ ಆಲೆಕ್ಸ್ ಸ್ಮಿತ್ ಚಿಗುರುತ್ತಿದ್ದರು. 2007ರ ಫೆಬ್ರವರಿಯಲ್ಲಿ ಚಾರ್ಜರ್ಸ್ ತಂಡ ಟರ್ನರ್ ಅವರನ್ನು ಮುಖ್ಯ ತರಬೇತುದಾರರಾಗಿ ಕರೆದುಕೊಂಡು ಹೋಯಿತು, ಆಮೇಲೆ ಸ್ಮಿತ್ ಪಾಲಿಗೆ ವರ್ಷಕ್ಕೊಬ್ಬ ಕೋಆರ್ಡಿನೇಟರ್. 54ರ ಟರ್ನರ್ ಹೊರಟುಹೋದರು. 65ರ ಟರ್ನರ್ ಹೋಗುತ್ತಿರಲಿಲ್ಲ. ವಯಸ್ಸು ಇಲ್ಲಿ ತಂಡಕ್ಕೆ ಲಾಭವೇ.

ಪ್ಲೇನೋ ಗೃಹಸ್ಥ

ಇನ್ನೊಂದು ಪ್ರಶ್ನೆಯನ್ನು ತುಸು ಸಂಕೋಚದಿಂದಲೇ ಎತ್ತುತ್ತೇನೆ. ಸ್ಯಾನ್ ಡಿಯಾಗೊದಲ್ಲಿ ಟರ್ನರ್ ಮುಖ್ಯಸ್ಥರಾಗಿದ್ದಾಗ ಅವರ ಕೈಕೆಳಗೆ ರಕ್ಷಣಾ ವಿಭಾಗದ ಕೋಆರ್ಡಿನೇಟರ್ ಆಗಿದ್ದವರು ಇದೇ ರಿವೇರಾ. ಒಂದು ಕಾಲದ ಮೇಲಧಿಕಾರಿಯನ್ನು ತನ್ನ ಕೈಕೆಳಗೆ ಇಟ್ಟುಕೊಂಡವನು, ಪಂದ್ಯದ ನಡುವೆ ‘ಈ ಪ್ಲೇ ಬೇಡ’ ಎಂದು ಹೇಳಬಲ್ಲನೇ? ನಮ್ಮ ಕಚೇರಿಗಳಲ್ಲಿ ನಿವೃತ್ತರಾದ ದೊಡ್ಡವರು ಸಲಹೆಗಾರರಾಗಿ ಮರಳಿ ಬಂದಾಗ ಏನಾಗುತ್ತದೆಂದು ಎಲ್ಲರೂ ಬಲ್ಲೆವು. ಜೊತೆಗೆ ಅವರ ಮಗ ಸ್ಕಾಟ್ ಟರ್ನರ್ ಕ್ವಾರ್ಟರ್‌ಬ್ಯಾಕ್ ತರಬೇತುದಾರರಾಗಿ ಬಂದರು. 2019ರ ಡಿಸೆಂಬರ್‌ನಲ್ಲಿ ರಿವೇರಾ ವಜಾಗೊಂಡಾಗ ತಂದೆ ವಿಶೇಷ ಸಹಾಯಕರಾದರು, ಪ್ಲೇ ಕರೆಯುವ ಅಧಿಕಾರ ಮಗನ ಕೈಗೆ ಹೋಯಿತು. ಹಿರಿಯರೊಬ್ಬರನ್ನು ಕರೆದರೆ ಒಂದು ಮನೆತನವೇ ಬಂದು ಕೂರುತ್ತದೆ.

ನಾಲ್ಕನೇ ಡೌನ್

ಮಗನ ವಿಷಯದಲ್ಲಿ ನನ್ನ ತಕರಾರಿಲ್ಲ. ಈ ಲೀಗಿನಲ್ಲಿ ಅದು ರೂಢಿ. ಕೈಲ್ ಶಾನಹನ್ ಕೂಡ ಹಿಂದಿನ ತರಬೇತುದಾರ ಮೈಕ್ ಶಾನಹನ್ ಅವರ ಮಗನೇ, ಮೈಕ್ ಶೂಲಾ ಇನ್ನೊಬ್ಬ ತರಬೇತುದಾರ ಡಾನ್ ಶೂಲಾ ಅವರ ಮಗ. ಮೇಲಧಿಕಾರಿಯ ಮಾತು ಮಾತ್ರ ಗಟ್ಟಿಯಾದದ್ದು. ಕ್ರಿಕೆಟ್‌ನಲ್ಲಿ ಕೋಚ್ ಎಸೆತದ ನಡುವೆ ಬಾಯಿ ಹಾಕುವುದಿಲ್ಲ. ಇಲ್ಲಿ ಹಾಗಲ್ಲ: 40 ಸೆಕೆಂಡುಗಳ ಗಡಿಯಾರದಲ್ಲಿ 15 ಉಳಿದಾಗ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್‌ನೊಳಗಿನ ರೇಡಿಯೊ ಕಡಿದುಹೋಗುತ್ತದೆ, ಹಾಗಾಗಿ ಹೊಸ ಪ್ಲೇ ಕಳುಹಿಸಲು ಇರುವುದು 25 ಸೆಕೆಂಡುಗಳೊಳಗಿನ ಅವಕಾಶ. ಅಷ್ಟರಲ್ಲಿ ಮುಖ್ಯ ತರಬೇತುದಾರ ತಡೆಯಬೇಕೆಂದರೆ ಮುಲಾಜಿಲ್ಲದೆ ತಡೆಯಬೇಕು.

ಮೈಸೂರಿನ ಮುಂಜಾವು

ಹಾಗಾದರೆ ಟ್ಯಾಂಪಾ ಬೇ ತಂಡ ಮಾಡಿದ್ದೇ ಸರಿ. ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಅವರ ದಾಳಿಯನ್ನು 1998ರಿಂದ ಕಟ್ಟಿದ ಟಾಮ್ ಮೂರ್ ಅವರನ್ನು 82ನೇ ವಯಸ್ಸಿನಲ್ಲಿ ಸಲಹೆಗಾರರಾಗಿ ಇಟ್ಟುಕೊಂಡು, ಪ್ಲೇ ಕರೆಯುವ ಕೆಲಸವನ್ನು ಬೈರನ್ ಲೆಫ್ಟ್‌ವಿಚ್ ಅವರಿಗೆ ಬಿಟ್ಟು, 2021ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದರು. ಅನುಭವ ಕೋಣೆಯಲ್ಲಿರಲಿ, ಹೆಡ್‌ಸೆಟ್ ಕಿರಿಯರ ತಲೆಯ ಮೇಲಿರಲಿ.

ಚಾರ್ಲಟ್ ನಿವಾಸಿ

ಟಾಮ್ ಬ್ರೇಡಿ ಕ್ವಾರ್ಟರ್‌ಬ್ಯಾಕ್ ಆಗಿದ್ದಾಗ ಹೆಡ್‌ಸೆಟ್ ಯಾರ ತಲೆಯ ಮೇಲಿದ್ದರೂ ನಡೆಯುತ್ತದೆ, ಬಿಡಿ. ನಮ್ಮ ತಂಡ ಕಿರಿಯರ ದಾರಿಯನ್ನೂ ನೋಡಿತು. 2020ರ ಜನವರಿಯಲ್ಲಿ ಹೊಸ ಮುಖ್ಯ ತರಬೇತುದಾರ ಮ್ಯಾಟ್ ರೂಲ್, ಎಲ್‌ಎಸ್‌ಯು ವಿಶ್ವವಿದ್ಯಾಲಯದ ತಂಡ ರಾಷ್ಟ್ರೀಯ ಚಾಂಪಿಯನ್ ಆಗಲು ನೆರವಾದ 30 ವರ್ಷದ ಜೋ ಬ್ರೇಡಿ ಅವರನ್ನು ತಂದರು. ಒಂದೇ ಋತು ಮುಗಿಯುತ್ತಲೇ ಬೇರೆ ತಂಡಗಳು ಅವರನ್ನು ಮುಖ್ಯ ಹುದ್ದೆಯ ಸಂದರ್ಶನಕ್ಕೆ ಕರೆದವು. 2021ರ ಡಿಸೆಂಬರ್‌ನಲ್ಲಿ, ಋತುವಿನ ನಡುವೆಯೇ, ರೂಲ್ ಅವರೇ ಜೋ ಬ್ರೇಡಿ ಅವರನ್ನು ಮನೆಗೆ ಕಳುಹಿಸಿದರು. ಅದೇ ಜೋ ಬ್ರೇಡಿ ಬಫಲೊ ಬಿಲ್ಸ್‌ನಲ್ಲಿ 2023ರ ನವೆಂಬರ್‌ನಲ್ಲಿ ಹೊಣೆ ವಹಿಸಿಕೊಂಡರು, 2024ರ ಋತುವಿನಲ್ಲಿ ಅವರ ದಾಳಿಯಲ್ಲಿ ಆಡಿದ ಕ್ವಾರ್ಟರ್‌ಬ್ಯಾಕ್ ಜಾಶ್ ಆಲನ್ ಎಂವಿಪಿ (ಲೀಗಿನ ಅತ್ಯಮೂಲ್ಯ ಆಟಗಾರ) ಆದರು. ಅವರು ಕಲಿಯಲು ಬೇಕಾದ ಶುಲ್ಕವನ್ನು ನಾವು ಕಟ್ಟಿದೆವು, ಫಲ ಬಫಲೊ ಉಂಡಿತು.

ನಾಲ್ಕನೇ ಡೌನ್

ಆ ಶುಲ್ಕ ವ್ಯರ್ಥವಾಗದಿರಲು ದಾರಿಯಿದೆ, ಅದನ್ನು ನೇಮಕದ ಕರಾರಿನಲ್ಲೇ ಬರೆಸಬೇಕು. ನಾನು ತಂಡದ ಮಾಲೀಕನಾಗಿದ್ದರೆ 65ರ ಅನುಭವಿಯನ್ನೇ ಕರೆಯುತ್ತೇನೆ, ಆದರೆ ಸಂದರ್ಶನದಲ್ಲಿ ಸೂಪರ್ ಬೌಲ್ ಉಂಗುರಗಳ ಮಾತು ಎತ್ತುವುದಿಲ್ಲ. ಎಡ ಟ್ಯಾಕಲ್ ಸೆಪ್ಟೆಂಬರ್‌ನಲ್ಲೇ ಹೊರಬಿದ್ದರೆ ನಿಮ್ಮ ಪ್ಲೇಬುಕ್‌ನ ಯಾವ ಪುಟಗಳನ್ನು ಹರಿದುಹಾಕುತ್ತೀರಿ ಎಂದು ಕೇಳುತ್ತೇನೆ. ಎರಡನೇ ವರ್ಷದಲ್ಲಿ ಪೂರ್ವಋತುವಿನ ಪಂದ್ಯಗಳ ಪ್ಲೇಗಳನ್ನು ಕರೆಯುವ ಕಿರಿಯನ ಹೆಸರು ಹೇಳಿ ಎನ್ನುತ್ತೇನೆ. ಅದು ಮಗನ ಹೆಸರಾದರೂ ಚಿಂತೆಯಿಲ್ಲ. 2016ರಲ್ಲಿ ಮಿನ್ನೆಸೋಟದಲ್ಲಿ ಏಕೆ ಬಿಟ್ಟು ಹೊರಟಿರಿ ಎಂಬ ಪ್ರಶ್ನೆಗೆ ಆಟಗಾರರ ಮೇಲೆ ದೂರು ಹೊರಿಸದೆ ಉತ್ತರಿಸಿದರೆ, ಅಂದೇ ಸಂಜೆ ಸಹಿ.

ಮೈಸೂರಿನ ಮುಂಜಾವು

ಎಷ್ಟು ವರ್ಷದ ಕರಾರು? ಎರಡಕ್ಕಿಂತ ಹೆಚ್ಚೆಂದರೆ ನನ್ನ ವಿರೋಧ ಹಾಗೆಯೇ ಇರುತ್ತದೆ.