ಸಹಾಯ ಬೇಕು: ಎತ್ತರದ ಬೆಟ್ಟಕ್ಕೆ ಸ್ನೋಮೊಬೈಲ್ ಕ್ಲಚ್ ಹೊಂದಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಕೊಲರಾಡೋದಲ್ಲಿರುವ ನಾನು ಮಿನ್ನೆಸೋಟದ ತಗ್ಗು ಪ್ರದೇಶದಲ್ಲಿ ಓಡುತ್ತಿದ್ದ ಹಳೆಯ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಗಾಡಿ) ಒಂದನ್ನು ಕೊಂಡು ತಂದಿದ್ದೇನೆ. ಇಲ್ಲಿನ ಸುಮಾರು 9,400 ಅಡಿ ಎತ್ತರದ ಬೆಟ್ಟದ ದಾರಿಯಾದ ರ‍್ಯಾಬಿಟ್ ಇಯರ್ಸ್ ಪಾಸ್‌ನಲ್ಲಿ ಥ್ರಾಟಲ್ ಪೂರ್ತಿ ಒತ್ತಿದರೂ, 8,000 ತಲುಪಬೇಕಾದ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸಂಖ್ಯೆ) 7,400ರಲ್ಲೇ ನಿಂತುಬಿಡುತ್ತದೆ. ಕ್ಲಚ್ಚಿನ ಕವರ್ ತೆಗೆದು ಮುಟ್ಟಿದರೆ ಎರಡು ಕ್ಲಚ್ಚುಗಳನ್ನು ಜೋಡಿಸುವ ಬೆಲ್ಟಿನ ಕಪ್ಪು ಪುಡಿ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಇಂಧನದ ಅಳತೆ ನಿಯಂತ್ರಿಸುವ ಕಾರ್ಬ್ಯುರೇಟರ್ ಜೆಟ್‌ಗಳನ್ನು ಈ ಎತ್ತರಕ್ಕೆ ತಕ್ಕಂತೆ ಈಗಾಗಲೇ ಬದಲಿಸಿದ್ದಾಗಿದೆ. ಗಾಳಿ ತೆಳುವಾದಲ್ಲಿ ಎಂಜಿನ್ನಿನ ಶಕ್ತಿ ಕುಗ್ಗುವುದರಿಂದ, ಎಂಜಿನ್ನಿಗೆ ಜೋಡಿಸಿದ ಪ್ರೈಮರಿ ಕ್ಲಚ್ಚಿನ ತೂಕಗಳನ್ನು ಹಗುರಗೊಳಿಸಿದರೆ ಆರ್‌ಪಿಎಂ ಏರುತ್ತದೆ ಎಂಬುದನ್ನು ಬಲ್ಲೆ. ನನ್ನನ್ನು ಹೆಚ್ಚು ಕಾಡುತ್ತಿರುವುದು, ಕಡಿದಾದ ಏರಿನಲ್ಲಿ ವೇಗ ಕುಸಿದಾಗ ಬೆಲ್ಟ್ ಬೇಗನೆ ತಗ್ಗಿನ ಅನುಪಾತಕ್ಕೆ (ಕಡಿಮೆ ಗೇರಿನಂಥ ಸ್ಥಿತಿಗೆ) ಮರಳದೆ ಗಾಡಿ ಹಿಮದಲ್ಲಿ ಹೂತುಹೋಗುವುದು. ಇದಕ್ಕೆ ಗಾಡಿಯ ಪಟ್ಟಿಯನ್ನು ಓಡಿಸುವ ಕಡೆಯ ಸೆಕೆಂಡರಿ ಕ್ಲಚ್ಚಿನ ಸ್ಪ್ರಿಂಗ್ ಮೊದಲು ಬಿಗಿಗೊಳಿಸಬೇಕೇ, ಅಥವಾ ಕಡಿಮೆ ಕೋನದ ಹೀಲಿಕ್ಸ್ (ಅದೇ ಕ್ಲಚ್ಚಿನೊಳಗಿನ ಇಳಿಜಾರು ಭಾಗ) ಹಾಕಬೇಕೇ? ತೂಕವನ್ನು ಒಮ್ಮೆಗೆ ಎಷ್ಟು ಗ್ರಾಂ ಇಳಿಸಿ ನೋಡುವುದು ಸರಿ? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಿ.