ಫೀನಿಕ್ಸ್‌ಗೆ ಹೊರಟಿದ್ದೇವೆ, ಅಲ್ಲಿರುವವರು ಹೇಳಿ

ಮನೆಯವರಿಗೆ ಅಮೆರಿಕದ ಅರಿಜೋನಾದ ಫೀನಿಕ್ಸ್‌ನಲ್ಲಿ ಕೆಲಸ ಸಿಕ್ಕಿದೆ. ಜೂನ್‌ನಲ್ಲಿ ಹೊರಡಬೇಕು. ಮಗಳಿಗೆ ಐದು ವರ್ಷ. ಮೈಸೂರಿನಿಂದ ಅತ್ತೆ-ಮಾವನೂ ಬಂದು ಕೆಲವು ತಿಂಗಳು ಇರುವ ಆಸೆಯಲ್ಲಿದ್ದಾರೆ. ಬಿಸಿಲು ನಿಜವಾಗಲೂ ಅಷ್ಟೊಂದು ಇದೆಯಾ? ಮನೆ ಎಲ್ಲಿ ನೋಡೋದು?

ಉತ್ತರ 1

ಇದೆ ಮೇಡಂ, ಅಷ್ಟೊಂದು ಇದೆ. ರಾಯಚೂರಿನ ಬೇಸಿಗೆ ಕಂಡ ನನಗೂ ಇದು ಹೊಸದಾಗಿತ್ತು. 2023ರಲ್ಲಿ ಸತತ 31 ದಿನ ತಾಪಮಾನ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು, ಅಂದರೆ ನಮ್ಮ ಲೆಕ್ಕದಲ್ಲಿ 43ರ ಮೇಲೆ. ಆ ವರ್ಷ ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ಬಿಸಿಲಿನಿಂದ ಸತ್ತವರು 600ಕ್ಕಿಂತ ಜಾಸ್ತಿ. ಹಗಲಿಗಿಂತ ರಾತ್ರಿಯೇ ಕಷ್ಟ. ಹಗಲೆಲ್ಲ ಕಾದ ಡಾಂಬರು, ಕಾಂಕ್ರೀಟು ರಾತ್ರಿಯಿಡೀ ಶಾಖ ಬಿಡುತ್ತವೆ. ಬೆಳಗಿನ ಜಾವಕ್ಕೂ 32 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯದ ದಿನಗಳಿರುತ್ತವೆ. ತಣ್ಣೀರಿನ ನಲ್ಲಿ ತಿರುಗಿಸಿದರೂ ಬಿಸಿನೀರು ಬರುತ್ತೆ. ಮಗಳ ಕಾರ್ ಸೀಟಿನ ಬಕಲ್ ಮುಟ್ಟಿ ನೋಡಿಯೇ ಹಾಕಿ, ಸುಡುತ್ತೆ. ಪಾರ್ಕಿನ ಜಾರುಬಂಡೆಯೂ ಹಾಗೇ.

ಅದಕ್ಕೇ ಮನೆ ನೋಡುವಾಗ ಅಡುಗೆಮನೆಗಿಂತ ಮೊದಲು ಎಸಿ ನೋಡಿ. ಎಷ್ಟು ವರ್ಷದ್ದು, ಕಳೆದ ಜುಲೈನ ಕರೆಂಟ್ ಬಿಲ್ ಎಷ್ಟು ಬಂದಿತ್ತು ಅಂತ ಕೇಳಿ. ಪಶ್ಚಿಮಕ್ಕೆ ದೊಡ್ಡ ಕಿಟಕಿ ಇರುವ ಮನೆ ಬೇಡ. ಕಾರಿಗೆ ನೆರಳು ಬೇಕೇ ಬೇಕು. ಬಾಡಿಗೆ ಮನೆಯಲ್ಲಿ ಎಸಿ ಇದ್ದರೆ ಒಳಗೆ 82 ಫ್ಯಾರನ್‌ಹೀಟ್ (ಸುಮಾರು 28 ಸೆಲ್ಸಿಯಸ್) ಮೀರದಂತೆ ಮಾಲೀಕರು ತಂಪು ಕೊಡಲೇಬೇಕು ಅಂತ ಊರಿನ ಕಾನೂನೇ ಇದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಸಹಿಸಿಕೊಳ್ಳುತ್ತಾರೆ, ನೀವು ಹಾಗೆ ಮಾಡಬೇಡಿ.

ಏರಿಯಾ ಯಾವುದು ಅನ್ನೋದು ಆಫೀಸ್ ಎಲ್ಲಿದೆ ಅನ್ನೋದರ ಮೇಲೆ. ಇಂಟೆಲ್ ಇರುವುದು ಆಗ್ನೇಯದ ಚಾಂಡ್ಲರ್‌ನಲ್ಲಿ, ತೈವಾನಿನ ಟಿಎಸ್‌ಎಂಸಿ ಕಂಪನಿಯ ಚಿಪ್ ಕಾರ್ಖಾನೆ ಉತ್ತರದ ತುದಿಯಲ್ಲಿ. ಒಂದು ಕಡೆ ಮನೆ, ಇನ್ನೊಂದು ಕಡೆ ಕೆಲಸ ಆದರೆ ದಿನವೆಲ್ಲ ಕಾರಲ್ಲೇ ಕಳೆಯುತ್ತೆ. ವಿಳಾಸ ಓದುವಾಗಲೂ ಹುಷಾರು. ಊರಿನ ನಡುವಿನ ಸೆಂಟ್ರಲ್ ಅವೆನ್ಯೂಗೆ ಪೂರ್ವದಲ್ಲಿ ಉತ್ತರ-ದಕ್ಷಿಣಕ್ಕೆ ಹೋಗುವ ನಂಬರ್ ರಸ್ತೆಗಳು ಬಹುಪಾಲು ಸ್ಟ್ರೀಟ್, ಪಶ್ಚಿಮದಲ್ಲಿ ಅವೆನ್ಯೂ. 35ನೇ ಸ್ಟ್ರೀಟಿಗೂ 35ನೇ ಅವೆನ್ಯೂಗೂ ಏಳು ಮೈಲಿಗೂ ಹೆಚ್ಚು ದೂರ.

ಉತ್ತರ 2

ಅತ್ತೆ-ಮಾವನ ವಿಷಯ ನಾನು ಹೇಳ್ತೀನಿ. ಬೇಸಿಗೆಯಲ್ಲಿ ಕರೆಸಲೇಬೇಡಿ. ಹಿರಿಯರು ಮನೆಯೊಳಗೇ ಕೂತು ಬೇಜಾರು ಮಾಡಿಕೊಳ್ಳುತ್ತಾರೆ. ನವೆಂಬರ್‌ನಲ್ಲಿ ಬಂದು ಮಾರ್ಚ್ ಕೊನೆಗೆ ಹೊರಡಲಿ. ಆ ತಿಂಗಳುಗಳಲ್ಲಿ ಈ ಊರಿನಷ್ಟು ಹಿತವಾದ ಊರು ನಾನು ನೋಡಿಲ್ಲ. ಸೌತ್ ಮೌಂಟನ್ ಪಾರ್ಕಿನಲ್ಲಿ ಸಗುವಾರೊ ಕಳ್ಳಿಗಳ ನಡುವೆ ನಡೆಯಬಹುದು. ಫೀನಿಕ್ಸ್‌ನ ದಕ್ಷಿಣಕ್ಕಿರುವ ಮಾರಿಕೋಪಾ ಅನ್ನೋ ಊರಿನಲ್ಲಿ ಮಹಾಗಣಪತಿ ದೇವಸ್ಥಾನ ಇದೆ. ಅಮೆರಿಕದ ಹೆಚ್ಚಿನ ಕಡೆಗಳಂತೆ ಬೇಸಿಗೆ, ಚಳಿಗಾಲಕ್ಕೆ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲಿ ಇಲ್ಲ, ಹಾಗಾಗಿ ಮೈಸೂರು ವರ್ಷವಿಡೀ ಹನ್ನೆರಡೂವರೆ ಗಂಟೆ ಮುಂದೆ. ಊರಿಗೆ ಫೋನ್ ಮಾಡುವವರಿಗೆ ಇದು ದೊಡ್ಡ ಅನುಕೂಲ. ಹಿತ್ತಲಲ್ಲಿ ನುಗ್ಗೆ ಚೆನ್ನಾಗಿ ಬರುತ್ತೆ. ಕರಿಬೇವಿಗೆ ಬೇಸಿಗೆಯಲ್ಲಿ ಸ್ವಲ್ಪ ನೆರಳು ಮಾಡಿಕೊಡಿ.

ಒಂದು ಕಾಯಿಲೆ ತಿಳಿದುಕೊಂಡಿರಿ. ಇಲ್ಲಿನ ಮಣ್ಣಿನಲ್ಲಿರುವ ಶಿಲೀಂಧ್ರದಿಂದ ವ್ಯಾಲಿ ಫೀವರ್ ಬರುತ್ತೆ. ಧೂಳಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತೆ, ಒಬ್ಬರಿಂದ ಒಬ್ಬರಿಗೆ ಹರಡಲ್ಲ. ಕೆಮ್ಮು, ಜ್ವರ, ಸುಸ್ತು ವಾರಗಟ್ಟಲೆ ಹೋಗದಿದ್ದರೆ ಆ ಪರೀಕ್ಷೆ ಮಾಡಿ ಅಂತ ನೀವೇ ಡಾಕ್ಟರಿಗೆ ಹೇಳಿ. ಊರಿಗೆ ವಾಪಸ್ ಹೋದ ಮೇಲೆ ಕಾಣಿಸಿಕೊಂಡರೂ ಅಲ್ಲಿನ ಡಾಕ್ಟರಿಗೆ ಅರಿಜೋನಾದಲ್ಲಿ ಇದ್ದೆವು ಅಂತ ಹೇಳಬೇಕು.

ಉತ್ತರ 3

ಜುಲೈ, ಆಗಸ್ಟ್‌ನಲ್ಲಿ ಇಲ್ಲೂ ಮಾನ್ಸೂನ್ ಇದೆ. ಮಳೆಗಿಂತ ಮುಂಚೆ ಹಬೂಬ್ ಅನ್ನೋ ಧೂಳಿನ ಗೋಡೆ ಬರುತ್ತೆ. ಕಾರಲ್ಲಿದ್ದರೆ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ, ಎಲ್ಲ ಲೈಟ್ ಆರಿಸಿ, ಬ್ರೇಕಿನಿಂದ ಕಾಲು ತೆಗೆಯಿರಿ. ಲೈಟ್ ಉರಿಯುತ್ತಿದ್ದರೆ ಅದೇ ರಸ್ತೆ ಅಂದುಕೊಂಡು ಹಿಂದಿನವರು ಬಂದು ಗುದ್ದುತ್ತಾರೆ.

ಬೆಳಗಿನ ವಾಕಿಂಗ್‌ಗೆ ಕಾಲುವೆ ದಂಡೆ ಒಳ್ಳೆಯದು. ಸಾವಿರ ವರ್ಷದ ಹಿಂದೆಯೇ ಹೊಹೊಕಮ್ ಅನ್ನೋ ಮೂಲನಿವಾಸಿ ಜನ ಇಲ್ಲಿ ಕಾಲುವೆ ತೋಡಿ ಬೆಳೆ ತೆಗೆದಿದ್ದರು. ಈಗಿನ ಕೆಲವು ಕಾಲುವೆಗಳು ಅದೇ ಜಾಡಿನಲ್ಲಿವೆ. ಕಥೆಯ ಫೀನಿಕ್ಸ್ ಹಕ್ಕಿ ಬೂದಿಯಿಂದ ಎದ್ದ ಹಾಗೆ, ಅವರ ಹಳೆಯ ಊರಿನ ಅವಶೇಷಗಳ ಮೇಲೆ ಎದ್ದಿದ್ದು ಅಂತಲೇ ಈ ಊರಿಗೆ ಫೀನಿಕ್ಸ್ ಹೆಸರು ಬಂತು. ಈಗ 336 ಮೈಲಿ ಉದ್ದದ ಕಾಲುವೆಯೊಂದು ಕೊಲರಾಡೊ ನದಿಯ ನೀರನ್ನೂ ಈ ಕಡೆ ತರುತ್ತೆ. ವರ್ಷಕ್ಕೆ ಎಂಟು ಇಂಚು ಮಳೆಯೂ ಬೀಳದ ಜಾಗ ಅಲ್ವಾ, ಹುಲ್ಲುಹಾಸಿನ ಮನೆ ತೆಗೆದುಕೊಳ್ಳಬೇಡಿ, ಮನಸ್ಸಿಗೂ ಬೇಡ, ಬಿಲ್ಲಿಗೂ ಬೇಡ.

ಇಲ್ಲಿ ಈಜುಕೊಳ ಇರುವ ಮನೆಗಳು ಬಹಳ. ಮಗಳನ್ನು ಬಂದ ಕೂಡಲೇ ಈಜು ಕ್ಲಾಸಿಗೆ ಸೇರಿಸಿ. ಕೊಳದ ಗೇಟು ತಾನಾಗಿ ಮುಚ್ಚಿಕೊಂಡು ಚಿಲಕ ಬೀಳುತ್ತಾ ಅಂತ ಸಹಿ ಹಾಕುವ ಮುಂಚೆಯೇ ನೋಡಿಕೊಳ್ಳಿ.