ಒಂದೇ ವೆಬ್ ಪೇಜಲ್ಲಿ ಅಕ್ಷರ ಒಂದೊಂದು ಕಡೆ ಒಂದೊಂದು ಸೈಜು, ಯಾರಾದ್ರೂ ಸರಿ ಮಾಡ್ಕೊಂಡಿದೀರಾ?

ಸಿಎಸ್‌ಎಸ್‌ನಲ್ಲಿ (ಪೇಜಿನ ಅಂದಚಂದ ಹೇಳೋ ಕೋಡ್) ಬಾಡಿ ಟ್ಯಾಗಿಗೆ, ಅಂದ್ರೆ ಇಡೀ ಪೇಜಿಗೆ, ಅಕ್ಷರದ ಸೈಜು 14 ಪಿಕ್ಸೆಲ್ ಅಂತ ಒಂದೇ ಸಲ ಕೊಟ್ಟಿದೀನಿ, ಆದ್ರೂ ಟೇಬಲ್ ಒಳಗಿನ ಅಕ್ಷರ ದೊಡ್ಡದು, ಲಿಸ್ಟ್ ಒಳಗಿನ ಲಿಸ್ಟ್ ಓದಕ್ಕೇ ಆಗದಷ್ಟು ಸಣ್ಣದು, ಬಟನ್‌ದು ಇನ್ನೊಂದು ಥರ. ಎರಡು ದಿನದಿಂದ ಒದ್ದಾಡ್ತಿದೀನಿ, ನಿಮಗೆ ಹೀಗಾಗಿದ್ರೆ ಏನು ಮಾಡಿದ್ರಿ ಹೇಳಿ.

— ಲಿಸ್ಟ್‌ದು ಎಮ್ ಅನ್ನೋ ಅಳತೆಯ ಕಾಟ ಇರ್ಬೇಕು, ನಾನೂ ಅನುಭವಿಸಿದೀನಿ. ಎಲ್‌ಐಗೆ (ಲಿಸ್ಟಿನ ಒಂದೊಂದು ಐಟಮ್ಮಿನ ಟ್ಯಾಗ್) 0.9 ಎಮ್ ಅಂತ ಬರ್ದಿದ್ದೆ. ಎಮ್ ಅಂದ್ರೆ ಅದರ ಅಪ್ಪನ, ಅಂದ್ರೆ ಅದನ್ನ ಸುತ್ತಿರೋ ಟ್ಯಾಗಿನ, ಸೈಜಿಗೆ ಲೆಕ್ಕ, ಹಾಗಾಗಿ 16 ಇದ್ದಿದ್ದು ಮೊದಲ ಲಿಸ್ಟಲ್ಲಿ 14.4, ಅದರೊಳಗೆ 12.96, ಅದರೊಳಗೂ ಒಂದಿದ್ರೆ 11.66, ಹೀಗೆ ಇಳೀತಾನೇ ಹೋಗುತ್ತೆ. ಎಮ್ ಬದ್ಲು ರೆಮ್ ಹಾಕಿ, ಅದು ಎಷ್ಟೇ ಒಳಗೆ ಹೋದ್ರೂ ಎಚ್‌ಟಿಎಂಎಲ್ ಟ್ಯಾಗಿನ (ಎಲ್ಲಕ್ಕಿಂತ ಹೊರಗಿನದು) ಸೈಜನ್ನೇ ನೋಡುತ್ತೆ.

— ಊಹೆ ಮಾಡ್ಕೊಂಡು ಕೂರೋ ಬದ್ಲು ಆ ಅಕ್ಷರದ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಕೊಡಿ, ಕಂಪ್ಯೂಟೆಡ್ ಟ್ಯಾಬಲ್ಲಿ ಫಾಂಟ್ ಸೈಜ್ ಬಿಚ್ಚಿ ನೋಡಿದ್ರೆ ಯಾವ ರೂಲಿಂದ ಬಂತು ಅಂತ ಅದೇ ಹೇಳುತ್ತೆ. ನಾನು ಅರ್ಧ ದಿನ ಸಿಎಸ್‌ಎಸ್ ಜಾಲಾಡಿ ಕೊನೆಗೆ ಇದನ್ನ ನೋಡಿದ್ರೆ ವರ್ಡಿಂದ ಪೇಸ್ಟ್ ಮಾಡಿದ್ದ ಪ್ಯಾರಾದಲ್ಲಿ ಪ್ರತಿ ಸ್ಪ್ಯಾನ್ ಟ್ಯಾಗಿಗೂ (ಸಾಲಿನೊಳಗಿನ ತುಂಡು) 11 ಪಾಯಿಂಟ್ ಅಂತ ಅಂಟ್ಕೊಂಡು ಬಂದಿತ್ತು, ಸಿಎಸ್‌ಎಸ್ ಪಾಪ ಏನು ಮಾಡುತ್ತೆ! ಆಗಿಂದ ಪ್ಲೇನ್ ಟೆಕ್ಸ್ಟ್ ಆಗಿ ಪೇಸ್ಟ್ ಮಾಡೋದು, ಕಂಟ್ರೋಲ್ ಶಿಫ್ಟ್ ವಿ. ಬೇರೆ ರೂಲನ್ನ ಹಿಂದಿಕ್ಕೋ ಇಂಪಾರ್ಟೆಂಟ್ ಹಾಕಿ ಮುಚ್ಚಿಬಿಡಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಆಮೇಲೆ ನೀವೇ ಅಳ್ತೀರ.

— ಬಟನ್, ಇನ್‌ಪುಟ್, ಸೆಲೆಕ್ಟ್ ಇವೆಲ್ಲ ತಾವಾಗೇ ಬಾಡಿ ಮಾತು ಕೇಳಲ್ಲ, ಬ್ರೌಸರ್ ತನ್ನದೇ ಸುಮಾರು 13.33 ಪಿಕ್ಸೆಲ್ ಕೊಟ್ಟಿರುತ್ತೆ. ಫಾಂಟ್ ಇನ್‌ಹೆರಿಟ್ (ಸುತ್ತಿರೋ ಟ್ಯಾಗಿಂದಲೇ ತಗೋ) ಅಂತ ಒಂದು ಲೈನ್ ಸಾಕು. ಆದ್ರೆ ಇನ್‌ಪುಟ್ ಮಾತ್ರ 16ಕ್ಕಿಂತ ಕಮ್ಮಿ ಇಡ್ಬೇಡಿ, ಐಫೋನಲ್ಲಿ ಮುಟ್ಟಿದ ತಕ್ಷಣ ಪೇಜೇ ಜೂಮ್ ಆಗುತ್ತೆ.

— ಟೇಬಲ್ ವಿಷಯ ಯಾರೂ ಹೇಳ್ಲಿಲ್ಲ. ಫೈಲಿನ ಮೊದಲ ಲೈನಲ್ಲಿ ಡಾಕ್‌ಟೈಪ್ (ಇದು ಎಚ್‌ಟಿಎಂಎಲ್ ಪೇಜು ಅಂತ ಹೇಳೋ ಲೈನ್) ಇದ್ಯಾ ನೋಡಿ. ಇಲ್ಲಾಂದ್ರೆ ಬ್ರೌಸರ್ ಕ್ವರ್ಕ್ಸ್ ಮೋಡಿಗೆ (ಹಳೇ ಕಾಲದ ಪೇಜಿನ ರೀತಿ ತೋರಿಸೋದು) ಹೋಗುತ್ತೆ, ಅಲ್ಲಿ ಟೇಬಲ್‌ಗೆ ಬಾಡಿಯ ಸೈಜು ಇಳಿಯಲ್ಲ, ಮಾಮೂಲಿ 16ಕ್ಕೇ ನಿಲ್ಲುತ್ತೆ.

— ಇಂಗ್ಲಿಷ್ ಕನ್ನಡ ಎರಡೂ ಇರೋ ಪೇಜಾದ್ರೆ ಇನ್ನೊಂದು. ಎರಡಕ್ಕೂ 16 ಅಂತಲೇ ಇದ್ರೂ ಕಣ್ಣಿಗೆ ಒಂದು ದೊಡ್ಡದು ಒಂದು ಸಣ್ಣದು ಕಾಣುತ್ತೆ, ಯಾಕಂದ್ರೆ ಕನ್ನಡ ಅಕ್ಷರ ಬೇರೆ ಫಾಂಟಿಂದ ಬರ್ತಿರುತ್ತೆ. ಇಲ್ಲಿ ಸೈಜ್ ತಿದ್ದಿ ಉಪಯೋಗ ಇಲ್ಲ, ಸಿಎಸ್‌ಎಸ್‌ನಲ್ಲಿ ಫಾಂಟ್ ಸೇರಿಸೋ ಫಾಂಟ್ ಫೇಸ್ ರೂಲ್ ಒಳಗೆ ಸೈಜ್ ಅಡ್ಜಸ್ಟ್ ಅಂತ ಇದೆ, ಅದರಲ್ಲಿ ಶೇಕಡಾ ಲೆಕ್ಕದಲ್ಲಿ ಸರಿದೂಗಿಸಬಹುದು. ಜೊತೆಗೆ ಲೈನ್ ಹೈಟ್ (ಸಾಲಿನ ಎತ್ತರ) ಸ್ವಲ್ಪ ಜಾಸ್ತಿ ಇಡಿ, ಇಲ್ಲಾಂದ್ರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗ್ತಾವೆ.

— ಕೇಳಿದ್ದು ನಾನೇ. ಡಾಕ್‌ಟೈಪ್ ಇರ್ಲೇ ಇಲ್ಲ ಮಾರಾಯ್ರೆ! ಹಳೇ ಫೈಲ್ ಕಾಪಿ ಮಾಡೋವಾಗ ಮೇಲಿನ ಲೈನ್ ಬಿಟ್ಟು ಹೋಗಿದೆ. ಹಾಕಿದ ತಕ್ಷಣ ಟೇಬಲ್ 14ಕ್ಕೆ ಬಂತು. ಲಿಸ್ಟ್‌ಗೆ ರೆಮ್ ಕೊಟ್ಟೆ, ಅದೂ ಸರಿ. ಬಟನ್ನಿಗೆ ಇನ್‌ಹೆರಿಟ್ ಹಾಕಿದ್ಮೇಲೆ ಅಕ್ಷರ ಸ್ವಲ್ಪ ದೊಡ್ಡದಾಗಿ ಮೂರನೇ ಬಟನ್ ಕೆಳಗಿನ ಸಾಲಿಗೆ ಬಿದ್ದಿದೆ, ಈಗ ಪ್ಯಾಡಿಂಗ್ (ಬಟನ್ ಒಳಗೆ ಅಕ್ಷರದ ಸುತ್ತ ಬಿಡೋ ಜಾಗ) ಕಮ್ಮಿ ಮಾಡ್ತಾ ಕೂತಿದೀನಿ.